ಅಮೀನಪ್ಪನ ಅರವತ್ತೆರಡು ಹೊಸ್ತಿಲು

ಅರವತ್ತೆರಡು ಮನೆಗಳ ನಕ್ಷೆಗೆ ಸಹಿ ಹಾಕಿದವನು ನಾನು. ಆ ಅರವತ್ತೆರಡರಲ್ಲಿ ಒಂದಕ್ಕೂ ಹೊಸ್ತಿಲು ಇರಲಿಲ್ಲ. ಇದು ಅಮೀನಪ್ಪ ಎಂಬ ಬಡಗಿಯ ಕಥೆ. ಆದರೆ ನನ್ನ ಬುದ್ಧಿವಂತಿಕೆಯನ್ನು ಮೊದಲೇ ಹೇಳಿಕೊಳ್ಳದಿದ್ದರೆ ಅವನು ಇದರೊಳಗೆ ಬಂದದ್ದು ಹೇಗೆ ಎಂಬುದು ತಿಳಿಯುವುದಿಲ್ಲ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮಳಿನಾಳ ಎಂಬ ಊರನ್ನು ಮೂರು ದಿನ ಮುಳುಗಿಸಿತು. ನೀರು ಇಳಿದ ಮೇಲೆ ಗೋಡೆಗಳೂ ಇಳಿದವು. ಹಾಲೆಂಡಿನಲ್ಲಿ ಸಮುದ್ರದ ಪಕ್ಕ ಒಂದು ಸಣ್ಣ ಊರಿದೆ. ಅಲ್ಲಿನವರ ಅಜ್ಜಂದಿರ ಕಾಲದಲ್ಲಿ ಅದೂ ಒಮ್ಮೆ ಮುಳುಗಿತ್ತಂತೆ. ಆಗ ದೂರದ ಊರಿನವರು ಬಂದು ಕಟ್ಟಿಕೊಟ್ಟಿದ್ದರು, ಈಗ ನಮ್ಮ ಸರದಿ ಎಂದು ಆ ಊರಿನವರು ಸಂಘ ಕಟ್ಟಿ ಮಳಿನಾಳದ ಜೊತೆ ಒಡಂಬಡಿಕೆ ಮಾಡಿಕೊಂಡರು. ಊರಿಗೂ ಊರಿಗೂ ನೇರ ಸ್ನೇಹ. ನಡುವೆ ಇಂಗ್ಲಿಷ್ ಮತ್ತು ಸಿಮೆಂಟು ಎರಡೂ ಗೊತ್ತಿರುವ ಒಬ್ಬ ಬೇಕಾಗಿದ್ದ. ಹಾಗಾಗಿ ಬಸವೇಶ್ವರನಗರದ ನಮ್ಮ ಮನೆಯ ಮಹಡಿ, ಅಂದರೆ ಎಂಜಿನಿಯರ್ ಚನ್ನವೀರೇಶನಾದ ನನ್ನ ಆಫೀಸು, ಆ ಸ್ನೇಹದ ಬೆಂಗಳೂರು ಕಚೇರಿಯಾಯಿತು.

ಒಳ್ಳೆಯ ಜನ. ಇದನ್ನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಅವರ ಸಂಘದ ಕಾರ್ಯದರ್ಶಿ ಮರೈಕೆ ಎಂಬ ನಿವೃತ್ತ ಶಾಲಾ ಮೇಡಂ ಪ್ರತಿ ತಿಂಗಳೂ ಪತ್ರ ಬರೆಯುತ್ತಿದ್ದರು. ಪುಟಕ್ಕೆ ಹನ್ನೊಂದು ಸಲ ‘ಸಮುದಾಯ’ ಎಂಬ ಮಾತು ಇರುತ್ತಿತ್ತು. ಒಮ್ಮೆ ಬೇರೆ ಕೆಲಸವಿಲ್ಲದೆ ಎಣಿಸಿದ್ದೆ. ಮನೆಗಳು ಒತ್ತಿದ ಮಣ್ಣಿನ ಇಟ್ಟಿಗೆಯವು, ಪ್ರತಿ ಮನೆಗೂ ಮಳೆನೀರಿನ ತೊಟ್ಟಿ, ಸೋಲಾರ್ ದೀಪ. ಹಂಚಿಕೆ ಚೀಟಿ ಎತ್ತಿಯೇ ಆಗಬೇಕು ಎಂದರು; ಹಾಗೇ ಆಯಿತು. ಚೀಟಿ ಎತ್ತಿದ ಒಂದು ವಾರದೊಳಗೆ ಊರಿನವರು ತಮ್ಮ ತಮ್ಮಲ್ಲೇ ಅದಲು ಬದಲು ಮಾಡಿಕೊಂಡು, ದಲಿತ ಕೇರಿಯ ಹದಿನಾಲ್ಕು ಮನೆಯವರು ಹೊಸ ಊರಿನಲ್ಲೂ ಕೊನೆಯ ಸಾಲಿಗೇ ಬಂದರು. ಯಾರೂ ಯಾರಿಗೂ ಜೋರು ಮಾಡಲಿಲ್ಲ. ನಾನು ಅದನ್ನು ‘ಪರಸ್ಪರ ಒಪ್ಪಿಗೆಯ ವಿನಿಮಯ’ ಎಂದು ವರದಿ ಬರೆದೆ.

ಅವರು ಬಹಳ ಪ್ರೀತಿಯಿಂದ ಹಾಕಿದ ಇನ್ನೊಂದು ಷರತ್ತು ಇತ್ತು. ಬಾಗಿಲಲ್ಲಿ ಎಲ್ಲೂ ಅಡ್ಡಪಟ್ಟಿ ಇರಬಾರದು. ಮುದುಕರು, ಗಾಲಿಕುರ್ಚಿಯವರು ಎಡವಬಾರದು. ನನಗೆ ಅದು ಎಷ್ಟು ಹಿಡಿಸಿತೆಂದರೆ, ಬಾಗಿಲಿನ ಚೌಕಟ್ಟನ್ನು ಮೂರೇ ಕಡೆ ಉಳಿಸಿ ಕೆಳಗಿನ ಮರ ಅಳಿಸಿಬಿಟ್ಟೆ. ಕೆಳಗಡೆ ಮನೆಯಲ್ಲಿ ನನ್ನಮ್ಮ ಕಮಲಾಕ್ಷಮ್ಮ ನಲವತ್ತು ವರ್ಷದಿಂದ ದಿನಾ ಬೆಳಗ್ಗೆ ಹೊಸ್ತಿಲು ತೊಳೆದು, ಅರಿಸಿನ ಹಚ್ಚಿ, ಕುಂಕುಮವಿಟ್ಟು, ಎರಡು ಹೂವು ಇಡುತ್ತಾರೆ. ನಾನು ಆ ಹೂವು ತುಳಿಯದ ಹಾಗೆ ಹುಷಾರಾಗಿ ದಾಟಿ, ಮಹಡಿ ಹತ್ತಿ, ಆ ಅಡ್ಡಪಟ್ಟಿ ಅಳಿಸಿದ್ದು.

ಬೀಗದ ಕೈ ಕೊಟ್ಟು ಎಂಟು ತಿಂಗಳಾದರೂ ಅರವತ್ತೆರಡರಲ್ಲಿ ನಾಲ್ಕೇ ಮನೆಗಳಲ್ಲಿ ಜನ. ಉಳಿದವರು ಹೊಳೆದಂಡೆಯ ತಗಡಿನ ಶೆಡ್ಡುಗಳಲ್ಲೇ ಇದ್ದರು. ಹೊಸ ಮನೆಗಳಲ್ಲಿ ಮೇವು, ಈರುಳ್ಳಿ ಚೀಲ ಇಟ್ಟಿದ್ದರು. ಮರೈಕೆ ಗಾಬರಿಯಾದರು. ಸೂರು ಸೋರುತ್ತಿದೆಯೇ, ಅಡುಗೆಮನೆ ಚಿಕ್ಕದಾಯಿತೇ ಎಂದು ನಾಲ್ಕು ಪುಟದ ಪ್ರಶ್ನೆಪಟ್ಟಿ ಕಳಿಸಿದರು. ಪ್ರತಿ ಪ್ರಶ್ನೆಗೂ ಊರಿನವರ ಉತ್ತರ ಒಂದೇ: ಬಹಳ ಚೆನ್ನಾಗಿದೆ. ದೂರದಿಂದ ಬಂದವರು ಪ್ರೀತಿಯಿಂದ ಕೊಟ್ಟದ್ದಕ್ಕೆ ಹೆಸರಿಡುವುದು ಹೇಗೆ? ಕೊನೆಗೆ ಊರಿನ ಹಿರಿಯ ಗುರುಸಿದ್ದಯ್ಯನವರು ನನಗೆ ಫೋನ್ ಮಾಡಿದರು.

“ಹೊಸ್ತಿಲ ಇಲ್ಲದ ಮನ್ಯಾಗ ಹೆಂಗ ಇರೂದ್ರೀ ಸಾಹೇಬ್ರ? ಹೆಣ್ಣುಮಕ್ಕಳು ಅರಿಸಿನ ಎಲ್ಲಿ ಹಚ್ಚಬೇಕು? ಹೊಸಾ ಸೊಸಿ ಬಂದ್ರ ಸೇರು ಎಲ್ಲಿಟ್ಟು ಒದೀಬೇಕು?”

ನಾನು ಹಣೆ ಹಣೆ ಚಚ್ಚಿಕೊಂಡೆ. ಮರೈಕೆಗೆ ಪತ್ರ ಬರೆದು ಧಾರ್ಮಿಕ, ಸಾಂಸ್ಕೃತಿಕ ಎಂದು ಏನೇನೋ ವಿವರಿಸಿದೆ. ಅವರು ಒಪ್ಪಿದರು. ಹೊಸ ಮರ ಕಡಿಯಬಾರದು ಎಂದರು. ಜೊತೆಗೆ, ಮಾರ್ಚಿನಲ್ಲಿ ಅವರ ಊರಿನ ವಾರ್ಷಿಕ ಸಭೆ. ಅಷ್ಟರೊಳಗೆ ಐವತ್ತು ಮನೆಗಳಾದರೂ ತುಂಬದಿದ್ದರೆ ಮುಂದಿನ ಕೆಲಸ, ಅಂದರೆ ಶಾಲೆ ಮತ್ತು ಬೀಜದ ಉಗ್ರಾಣ, ಕೈಬಿಡಬೇಕಾಗುತ್ತದೆ ಎಂದು ಬಹಳ ವಿಷಾದದಿಂದ ತಿಳಿಸಿದರು.

ಹಳೇ ಮರ, ಹೊಸ್ತಿಲು, ಮಳಿನಾಳ, ಈ ಮೂರೂ ಗೊತ್ತಿರುವವನು ಬೆಂಗಳೂರಿನಲ್ಲಿ ಒಬ್ಬನೇ. ಅವನು ಏಳು ವರ್ಷದಿಂದ ನಮ್ಮ ಮನೆಗೇ ಬಂದು ಹೋಗುತ್ತಿದ್ದ.

ಅಮೀನಪ್ಪ ಹುಟ್ಟಿದ್ದು ಮಳಿನಾಳದ ಕೇರಿಯಲ್ಲಿ. ಹದಿನಾರನೇ ವಯಸ್ಸಿಗೆ ಮಣ್ಣು ಕೆಲಸದವರ ಗುಂಪಿನಲ್ಲಿ ಬೆಂಗಳೂರಿಗೆ ಬಂದು, ನಾಗರಬಾವಿಯ ಸೈಟುಗಳಲ್ಲಿ ಪಾಯ ಅಗೆದ. ಆಮೇಲೆ ರಾಜಾಜಿನಗರದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಹೊತ್ತ. ಹೊರುತ್ತಾ ಹೊರುತ್ತಾ ಹಲಗೆಯ ಮೇಲೆ ಮನಸ್ಸಾಯಿತು. ಕಾಮಾಕ್ಷಿಪಾಳ್ಯದಲ್ಲಿ ಜಗನ್ನಾಥಾಚಾರ್ ಎಂಬ ಹಿರಿಯ ಬಡಗಿಯ ಅಂಗಡಿಗೆ ಹೋಗಿ ಮರದ ಪುಡಿ ಗುಡಿಸುವ ಕೆಲಸ ಕೇಳಿದ. ಎರಡು ವರ್ಷ ಗುಡಿಸಿದ, ಒಂಬತ್ತು ವರ್ಷ ಕಲಿತ. ಆಚಾರ್ ಅವನ ಜಾತಿ ಕೇಳಲಿಲ್ಲ. “ಕೇಳಿದ್ರೆ ಹೇಳ್ತಿದ್ದೆ ಸಾರ್, ಕೇಳ್ಲಿಲ್ಲ,” ಎನ್ನುತ್ತಾನೆ, ಅದರಲ್ಲಿ ಅವನಿಗೆ ಹೆಚ್ಚಿನ ಅರ್ಥವೇನೂ ಕಾಣುವುದಿಲ್ಲ.

ಮಳಿನಾಳದಲ್ಲಿ ಮರದ ಕೆಲಸಕ್ಕೆ ಬಡಿಗೇರ ಮನೆತನ ಬೇರೆ ಇತ್ತು. ಕೇರಿಯವನು ಉಳಿ ಹಿಡಿಯುವ ಮಾತೇ ಇರಲಿಲ್ಲ. ಆ ಬಡಿಗೇರರು ಪ್ರವಾಹವಾದ ಮೇಲೆ ಇಳಕಲ್ ಕಡೆ ಹೋದರು. ಅಮೀನಪ್ಪನಿಗೆ ಸುಂಕದಕಟ್ಟೆಯಲ್ಲಿ ಸ್ವಂತ ಅಂಗಡಿ ಇದೆ: ಎರಡು ಕೋಣೆ, ಒಂದು ಗರಗಸದ ಮಿಷನ್ನು, ಬಾಗಿಲಲ್ಲಿ ಯಾವಾಗಲೂ ಒಂದು ರಾಶಿ ಹಳೇ ಕಿಟಕಿ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅಪ್ಪ ತೀರಿಕೊಂಡಿದ್ದಾನೆ. ಅವ್ವ ದುರ್ಗವ್ವ ಮಳಿನಾಳ ಬಿಟ್ಟು ಬರಲು ಒಪ್ಪುವುದಿಲ್ಲ.

ನಮ್ಮ ಮನೆಗೆ ಬಂದಾಗ ಅವನು ಮೊದಲು ಕೆಲಸ ನೋಡಿ, ಆಮೇಲೆ ಕೆಲಸ ಮಾಡಿ, ಆಮೇಲೆ ಮಾತಾಡುತ್ತಾನೆ. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಅವನು ನನಗೆ ‘ನೀವು’ ಎನ್ನುತ್ತಾನೆ, ನಾನು ‘ನೀನು’ ಎನ್ನುತ್ತೇನೆ. ಕೆಲಸ ಮುಗಿದ ಮೇಲೆ ವರಾಂಡದ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು, ಲೋಟ ತಾನೇ ತೊಳೆದು, ಹೊರಗಿನ ನಲ್ಲಿಯ ಪಕ್ಕದ ಗೂಡಿನಲ್ಲಿಟ್ಟು ಹೋಗುತ್ತಾನೆ. ಅವನಿಗೆ ಅಚ್ಚುಕಟ್ಟು ಜಾಸ್ತಿ ಎಂದು ನಾನು ಅಂದುಕೊಂಡಿದ್ದೆ.

ಹೊಸ್ತಿಲಿನ ವಿಷಯ ಹೇಳಿದಾಗ ಅವನು ನಕ್ಷೆಯನ್ನು ಬಹಳ ಹೊತ್ತು ನೋಡಿದ.

“ಎತ್ತರ ಎಷ್ಟು ಬೇಕು ಸಾರ್?”

“ಒಂದೂವರೆ ಇಂಚು ಸಾಕು. ಆ ಮೇಡಂಗೆ ಮಾತು ಕೊಟ್ಟಿದೀನಿ, ಯಾರೂ ಎಡವಬಾರ್ದು.”

“ಕಾಲಿಗೆ ಗೊತ್ತಾದ್ರೆ ಸಾಕು, ಅಷ್ಟೇ ಅಲ್ವಾ?” ಎಂದ. ಆಮೇಲೆ, “ಮಾಡ್ಕೊಡ್ತೀನಿ. ಆದ್ರೆ ಅಲ್ಲಿ ಹೋಗಿ ಕೂರ್ಸೋದೂ ನಾನೇ. ಬೇರೆ ಯಾರ ಕೈಗೂ ಕೊಡ್ಬೇಡಿ. ಅದನ್ನ ಪೇಪರ್‌ನಲ್ಲೂ ಬರೀರಿ,” ಎಂದ.

ಮಾಡಿದವನೇ ಕೂರಿಸುವುದು ಎಂಜಿನಿಯರಿಗೂ ಅನುಕೂಲವೇ. ಸಂತೋಷದಿಂದ ಬರೆದೆ. ಗುರುಸಿದ್ದಯ್ಯನವರಿಗೆ ಬಡಗಿಯ ಹೆಸರು ತಿಳಿಸಿದಾಗ, ದುರ್ಗವ್ವನ ಮಗನೇನು ಎಂದು ಎರಡು ಸಲ ಕೇಳಿದರು. “ಕೆಲಸ ಛಲೋ ಮಾಡ್ತಾನಂತ ಕೇಳೀನಿ,” ಎಂದರು ಕೊನೆಗೆ. ಬೇರೆ ಬಡಗಿ ಹುಡುಕುವಷ್ಟು ಸಮಯ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಮರ ರಾಜಾಜಿನಗರದಿಂದಲೇ ಸಿಕ್ಕಿತು. ಅಲ್ಲಿ ಹಳೆಯ ಮನೆಗಳನ್ನು ಒಡೆದು ಅಪಾರ್ಟ್‌ಮೆಂಟ್ ಎಬ್ಬಿಸುತ್ತಿರುವುದು ಎಲ್ಲರಿಗೂ ಗೊತ್ತಿರುವುದೇ. ಒಡೆದ ಮನೆಯ ಬಾಗಿಲು, ಕಿಟಕಿ, ತೊಲೆ ಎಲ್ಲ ಮಾಗಡಿ ರಸ್ತೆಯ ಹಳೇ ಸಾಮಾನಿನವರ ಹತ್ತಿರ ಬರುತ್ತವೆ. ಅಮೀನಪ್ಪ ಅದರಲ್ಲಿ ಹೊನ್ನೆ, ಮತ್ತಿ, ತೇಗ ಆರಿಸಿ ತಂದ. ಕೆಲವು ಹೊಸ್ತಿಲುಗಳೇ ಆಗಿದ್ದವು. ಉಜ್ಜುಗೊರಡು ಹಾಕಿದರೆ ಹಳದಿ ಸಿಪ್ಪೆ ಬರುತ್ತಿತ್ತು. ಐವತ್ತು ವರ್ಷದ ಅರಿಸಿನ ಮರದೊಳಗೆ ಇಳಿದಿತ್ತು. ನಾನು ಫೋಟೋ ತೆಗೆದು ಮರೈಕೆಗೆ ಕಳಿಸಿದೆ. ಒಂದು ಸಮುದಾಯದ ಮರ ಇನ್ನೊಂದು ಸಮುದಾಯಕ್ಕೆ ಸೇರುತ್ತಿದೆ ಎಂದು ಅವರು ಬಹಳ ಖುಷಿಪಟ್ಟು ಉತ್ತರಿಸಿದರು.

ನಲವತ್ತು ಹೊಸ್ತಿಲು ಮುಗಿದಿದ್ದಾಗ ಒಂದು ದಿನ ನಾನು ಸುಂಕದಕಟ್ಟೆಯ ಅಂಗಡಿಯಲ್ಲಿದ್ದೆ. ಅಮೀನಪ್ಪನ ಎರಡೂ ಕೈ ಗೋಂದು. ದುರ್ಗವ್ವನ ಫೋನ್ ಬಂತು. ಮೊಣಕೈಯಲ್ಲಿ ಸ್ಪೀಕರ್ ಒತ್ತಿದ. ನಮ್ಮ ಜೊತೆ ಬೆಂಗಳೂರು ಮಾತಾಡುವವನು ಅವ್ವನ ಜೊತೆ ಮಳಿನಾಳದವನಾಗುತ್ತಾನೆ.

“ನೀಲಮ್ಮಾರ ಮನೀದು ಮಾಡಿದೇನೋ?” ಎಂದಳು ಮುದುಕಿ. ನೀಲಮ್ಮ ಎಂದರೆ ಗುರುಸಿದ್ದಯ್ಯನವರ ಹೆಂಡತಿ.

“ಮಾಡೇನಿ ಬೇ.”

“ಎತ್ತರ ಇಡು. ಕಾಲಿಗೆ ಬಡೀಬೇಕು ನೋಡು. ಇಲ್ಲಂದ್ರ ಮತ್ತ ಒಳಗ ಹೋಗಿಬಿಟ್ಟೇನು.” ಹೇಳಿ ತಾನೇ ನಕ್ಕಳು. ಅಮೀನಪ್ಪ ನಗಲಿಲ್ಲ.

ಫೋನ್ ಇಟ್ಟ ಮೇಲೆ ನಾನು ಕೇಳಿದೆ, “ಒಳಗೆ ಹೋಗಿಬಿಡೋದು ಅಂದ್ರೆ ಏನು?”

ಅವನು ಮರ ಉಜ್ಜುತ್ತಲೇ ಹೇಳಿದ. ದುರ್ಗವ್ವ ನಲವತ್ತು ವರ್ಷ ಗುರುಸಿದ್ದಯ್ಯನವರ ಮನೆಯ ಅಂಗಳ ಗುಡಿಸಿದವಳು. ರೊಟ್ಟಿ ಕೊಟ್ಟರೆ ಹೊಸ್ತಿಲಿನ ಹೊರಗೆ ನಿಂತು ಸೆರಗೊಡ್ಡುತ್ತಿದ್ದಳು. ಈಗ ಕಣ್ಣಿಗೆ ಪೊರೆ ಬಂದಿದೆ, ನೆರಳಿನ ಹಾಗೆ ಕಾಣುತ್ತದೆ. ಆದರೂ ತಪ್ಪುತ್ತಿರಲಿಲ್ಲ, ಕಾಲ ಹೆಬ್ಬೆರಳು ಹೊಸ್ತಿಲಿಗೆ ತಾಗಿದ ಕೂಡಲೇ ನಿಲ್ಲುತ್ತಿದ್ದಳು. ಹೊಸ ಊರಿನಲ್ಲಿ ನೀಲಮ್ಮ ಮನೆ ಒಪ್ಪ ಮಾಡುತ್ತಿದ್ದ ದಿನ, ದುರ್ಗವ್ವ ಕಸಬರಿಗೆ ಕೊಡಲು ಹೋದಳು. ಕಾಲಿಗೆ ಏನೂ ತಾಗಲಿಲ್ಲ. ಇನ್ನೂ ಹೊರಗೇ ಇದ್ದೇನೆ ಎಂದುಕೊಂಡು ನಡೆದಳು, ನಡೆದಳು, ಕೈಗೆ ದೇವರ ಗೂಡು ಸಿಕ್ಕಿತು.

“ಬೈದ್ರಾ?”

“ಇಲ್ಲ ಸಾರ್. ಈಗೆಲ್ಲ ಯಾರೂ ಬೈಯಲ್ಲ, ಕಾನೂನು ಗೊತ್ತು ಎಲ್ರಿಗೂ. ಇರ್ಲಿ ಬಿಡು ದುರ್ಗವ್ವ ಅಂದ್ರಂತೆ. ಅವ್ವ ಇನ್ನೂ ನಾಲ್ಕು ಮನೆ ದಾಟಿರ್ಲಿಲ್ಲ, ಗಂಜಲ ಹಾಕಿ ತೊಳೆಯೋ ವಾಸನೆ ಬಂತಂತೆ. ಮರುದಿನವೇ ಅವರು ಮನೆ ಖಾಲಿ ಮಾಡಿ ಶೆಡ್ಡಿಗೆ ಹೋದ್ರು. ಆಮೇಲೆ ನಿಮಗೆ ಫೋನು.”

ಅರಿಸಿನದ ಮಾತು ಸುಳ್ಳಲ್ಲ, ಸೊಸೆಯ ಮಾತೂ ಸುಳ್ಳಲ್ಲ. ಆದರೆ ಎಂಟು ತಿಂಗಳು ಸುಮ್ಮನಿದ್ದವರು ಬಾಯಿಬಿಟ್ಟಿದ್ದು ಇದಾದ ಮೇಲೆ. ಬಾಯಲ್ಲಿ ಹೇಳಲಾಗದ್ದನ್ನು ಹೇಳಲು ಅವರಿಗೊಂದು ಮರ ಬೇಕಾಗಿತ್ತು. ಅದನ್ನು ನಾನು ಆ ಮುದುಕಿಯ ಮಗನ ಕೈಯಲ್ಲೇ ಮಾಡಿಸುತ್ತಿದ್ದೆ. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು.

“ನಿಲ್ಲಿಸು ಕೆಲಸ. ಇವತ್ತೇ ಮರೈಕೆಗೆ ಎಲ್ಲ ಬರೀತೀನಿ.”

“ಬರೆದ್ರೆ ಏನಾಗುತ್ತೆ ಸಾರ್?”

“ಈ ಊರಿನ ಸಹವಾಸವೇ ಬೇಡ ಅಂತಾರೆ. ಬಿಟ್ಟು ಹೋಗ್ತಾರೆ.”

“ಶಾಲೆ ಹೋಗುತ್ತೆ. ಅದಕ್ಕೆ ಬರೋರಲ್ಲಿ ಅರ್ಧಕ್ಕರ್ಧ ನಮ್ಮ ಕೇರಿ ಮಕ್ಳು. ಗುರುಸಿದ್ದಯ್ಯನೋರ ಮೊಮ್ಮಕ್ಳು ವ್ಯಾನಲ್ಲಿ ಬಾದಾಮಿಗೆ ಹೋಗ್ತಾವೆ.” ಹೊಸ್ತಿಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೇರ ನೋಡಿದ. “ಬರೀಬೇಡಿ ಸಾರ್.”

“ಎಲ್ಲ ಗೊತ್ತಿದ್ದೂ ಒಪ್ಕೊಂಡಿದ್ದು ಯಾಕೆ ನೀನು?”

“ಹೊಸ್ತಿಲು ಕೂರಿಸ್ಬೇಕಾದ್ರೆ ಒಳಗೆ ಹೋಗ್ಬೇಕಲ್ಲ ಸಾರ್,” ಎಂದ.

ಅವನು ಹೇಳುತ್ತಿರುವುದು ತನ್ನ ಬಗ್ಗೆ ಎಂದುಕೊಂಡೆ. ಅಷ್ಟೇ ನನಗೆ ಹೊಳೆದದ್ದು.

ಫೆಬ್ರವರಿಯಲ್ಲಿ ಲಾರಿ ಹೊರಟಿತು, ನಾವು ಹಿಂದೆ ಹೋದೆವು. ಮೊದಲ ಮನೆಯ ಮುಂದೆ ಅಮೀನಪ್ಪ ಪೆಟ್ಟಿಗೆ ತೆರೆದ. ಮೇಲೇ ರಸಮಟ್ಟ ಇತ್ತು. ಗೇಣುದ್ದದ ಪಟ್ಟಿ, ನಡುವೆ ಗಾಜಿನಲ್ಲಿ ಒಂದು ಗುಳ್ಳೆ. ಮರದ ಮೇಲಿಟ್ಟು ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ. ಹೊಸ್ತಿಲು ಕೂರಿಸಲು ಅದಕ್ಕಿಂತ ಹೆಚ್ಚಿನದೇನೂ ಬೇಡ. ಅಮೀನಪ್ಪ ಅದನ್ನು ಪಕ್ಕಕ್ಕಿಟ್ಟು, ಕೆಳಗಿನಿಂದ ನೀರು ತುಂಬಿದ ಉದ್ದನೆಯ ಟ್ಯೂಬು ತೆಗೆದ. ಪಾಯದ ಮಟ್ಟ ನೋಡುವ ಟ್ಯೂಬು ಅದು. ಅದರ ಎರಡು ತುದಿಗೂ ಒಬ್ಬೊಬ್ಬರು ಬೇಕು.

“ಇದಕ್ಕೆ ಟ್ಯೂಬ್ ಯಾಕೋ?” ಎಂದೆ.

“ಒಳಗಿನ ನೆಲದ ಮಟ್ಟ ತಗೋಬೇಕು ಸಾರ್,” ಎಂದು ನನ್ನ ಮುಖ ನೋಡದೆ ಹೇಳಿ, ಕೊನೆಯ ಸಾಲಿನ ಕಡೆ ತಿರುಗಿ ಕೂಗಿದ. “ಅವ್ವಾ, ಬಾರಬೇ!”

ದುರ್ಗವ್ವ ಗೋಡೆ ಹಿಡಿದು ಹಿಡಿದು ಬಂದಳು. ಅವನು ಅವಳ ಕೈಗೆ ಟ್ಯೂಬಿನ ತುದಿ ಕೊಟ್ಟು, ಒಳಗೆ ಕರೆದುಕೊಂಡು ಹೋಗಿ, ದೇವರ ಗೂಡಿನ ಎದುರಿನ ಗೋಡೆಗೆ ಒರಗಿಸಿ ಕೂರಿಸಿದ. “ಅಲುಗಾಡಬ್ಯಾಡ,” ಎಂದ. ಒಳಗೆ ಹೋಗಬೇಕು ಎಂದು ಅವನು ಹೇಳಿದ್ದು ಯಾರ ಬಗ್ಗೆ ಎಂದು ಆಗ ನನ್ನಂಥವನಿಗೂ ತಿಳಿಯಿತು.

ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡ. ಉಳಿ ಹಾಕುವುದು, ನೋಡುವುದು, ಗುರುತು ಮಾಡುವುದು, ಅಳಿಸುವುದು. ಮನೆಯವರು ಅಂಗಳದಲ್ಲಿ ನಿಂತು ನೋಡಿದರು. ಏನಾದರೂ ಹೇಳಬೇಕೆಂದರೆ ಬಾಯಿ ಬಿಟ್ಟೇ ಹೇಳಬೇಕಿತ್ತು, ಅದನ್ನೇ ಅಲ್ಲವೇ ಅವರು ಇಷ್ಟು ದಿನ ತಪ್ಪಿಸಿಕೊಂಡದ್ದು. ಯಾರೂ ಹೇಳಲಿಲ್ಲ.

ನಾಲ್ಕನೆಯದು ಗುರುಸಿದ್ದಯ್ಯನವರ ಮನೆ. ದುರ್ಗವ್ವ ಬಾಗಿಲ ಹತ್ತಿರ ಬಂದಾಗ ನೀಲಮ್ಮ ನನ್ನ ಕಡೆ ತಿರುಗಿದರು.

“ಸಾಹೇಬ್ರ, ಆಕಿ ಹೊರಗ ಕುಂತು ಹಿಡಿದ್ರ ಆಗಂಗಿಲ್ಲೇನ್ರೀ? ವಯಸ್ಸಾದಾಕಿ, ಸುಮ್ನ ಒಳಗ ಹೊರಗ ತ್ರಾಸು.”

ಅಮೀನಪ್ಪ ಕತ್ತು ಬಗ್ಗಿಸಿ ಉಳಿಯ ಅಲಗು ನೋಡುತ್ತಿದ್ದ. ಗುರುಸಿದ್ದಯ್ಯನವರು ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದ ಎಂಜಿನಿಯರ್ ವೃತ್ತಿಯಲ್ಲಿ ಅಷ್ಟು ಸಲೀಸಾಗಿ ನಾನು ಸುಳ್ಳು ಹೇಳಿದ್ದು ಅದೇ ಮೊದಲು.

“ಆಗಲ್ಲಮ್ಮ. ಒಳಗಿಂದಲೇ ಹಿಡೀಬೇಕು. ಇಲ್ಲಾಂದ್ರೆ ಮಳೆಗಾಲದಲ್ಲಿ ನೀರು ಒಳಗೆ ಬರುತ್ತೆ,” ಎಂದೆ. ನಂಬಿಕೆ ಬರಲೆಂದು ಅಳತೆ ಪುಸ್ತಕ ತೆಗೆದು ಏನೋ ಒಂದು ಗೀಚಿದೆ.

ನೀರು ಎಂದರೆ ಆ ಊರಿನಲ್ಲಿ ಯಾರೂ ವಾದಿಸುವುದಿಲ್ಲ. ದುರ್ಗವ್ವ ಒಳಗೆ ಹೋಗಿ ಕೂತಳು, ಒಂದು ಗಂಟೆ ಕೂತಿದ್ದಳು. “ಗೋಡಿಗೆ ಹಸಿರು ಹಚ್ಚ್ಯಾರಲ್ಲೋ, ಛಂದ ಐತಿ,” ಎಂದದ್ದು ಹೊರಗೆ ಕೇಳಿಸಿತು.

ಹೀಗೆ ನಲವತ್ತೆಂಟು ಮನೆ. ಆಮೇಲೆ ತೊಳೆದರೋ ಇಲ್ಲವೋ ನನಗೆ ಗೊತ್ತಿಲ್ಲ. ಒಬ್ಬರು ತೊಳೆದರೆ ಎಲ್ಲರೂ ತೊಳೆಯಬೇಕಿತ್ತು, ಹೊಸ ಊರಿನ ತೊಟ್ಟಿಗಳಲ್ಲಿ ಅಷ್ಟು ನೀರು ಇರಲಿಲ್ಲ. ಕೊನೆಯ ಸಾಲಿನ ಹದಿನಾಲ್ಕು ಮನೆಗಳಿಗೆ ಬಂದಾಗ ಅಮೀನಪ್ಪ ಟ್ಯೂಬು ಸುತ್ತಿ ಒಳಗಿಟ್ಟು ರಸಮಟ್ಟ ತೆಗೆದ. ಒಂದೊಂದು ಹತ್ತೇ ನಿಮಿಷದಲ್ಲಿ ಮುಗಿಯಿತು. ಅರವತ್ತೆರಡನೆಯದು ದುರ್ಗವ್ವನದೇ. ಅದು ತೇಗದ್ದು.

ಮಾರ್ಚಿನ ಹೊತ್ತಿಗೆ ಐವತ್ತೇಳು ಮನೆಗಳಲ್ಲಿ ಒಲೆ ಹೊತ್ತಿತ್ತು. ಹಾಲೆಂಡಿನವರು ಶಾಲೆಗೆ ಒಪ್ಪಿದರು. ಎಲ್ಲ ಫೋಟೋಗಳಲ್ಲೂ ಪೈಪು ಹಿಡಿದು ಕೂತಿರುವ ಆ ಅಜ್ಜಿ ಯಾರು ಎಂದು ಮರೈಕೆ ಕೇಳಿದರು. ಅಳತೆಯ ಕೆಲಸದಲ್ಲಿ ವಿಶೇಷ ಪರಿಣತಿಯುಳ್ಳ ಸ್ಥಳೀಯ ಸಮುದಾಯದ ಸದಸ್ಯೆ ಎಂದು ಬರೆದೆ. ಅವರ ಊರಿನ ಪತ್ರಿಕೆಯ ಮುಖಪುಟದಲ್ಲಿ ದುರ್ಗವ್ವ ಬಂದಳು.

ನಾನು ಬಹಳ ದಿನ ನನ್ನ ಆ ಸುಳ್ಳಿನ ಬಗ್ಗೆ ಹೆಮ್ಮೆಪಟ್ಟುಕೊಂಡು ಓಡಾಡಿದೆ. ಕಥೆ ಅಲ್ಲಿಗೇ ಮುಗಿದಿದ್ದರೆ ನನಗೆ ಒಳ್ಳೆಯದಿತ್ತು.

ನಮ್ಮ ಮನೆಯ ಹೊಸ್ತಿಲಿಗೆ ಗೆದ್ದಲು ಹಿಡಿದು ವರ್ಷವಾಗಿತ್ತು. ರಾಜಾಜಿನಗರದ ಹೊನ್ನೆಯಲ್ಲಿ ಒಂದು ತುಂಡು ಉಳಿದಿದೆ, ಬಂದು ಹಾಕಿಕೊಡುತ್ತೇನೆ ಎಂದು ಅಮೀನಪ್ಪ ಹೇಳಿದ್ದ. ಜೂನಿನ ಒಂದು ಭಾನುವಾರ ಬೆಳಗ್ಗೆ ಮಹಡಿಯಿಂದ ನೋಡಿದರೆ ಅವನು ಗೇಟು ತೆಗೆಯುತ್ತಿದ್ದ. ಹೆಗಲ ಮೇಲೆ ಹೊಸ್ತಿಲು, ಕೈಯಲ್ಲಿ ಪೆಟ್ಟಿಗೆ. ಕುತ್ತಿಗೆಯಲ್ಲಿ ಆ ಟ್ಯೂಬು. ಹಿಂದೆ ಅವನ ಅಂಗಿ ಹಿಡಿದುಕೊಂಡು ದುರ್ಗವ್ವ. ಕಣ್ಣಿನ ಆಪರೇಷನ್ನಿಗೆಂದು ಅವಳನ್ನು ಸುಂಕದಕಟ್ಟೆಗೆ ಕರೆತಂದಿದ್ದ, ಮರುದಿನ ಆಸ್ಪತ್ರೆಗೆ ಹೋಗುವುದಿತ್ತು.

ಮೆಟ್ಟಿಲು ಇಳಿಯುತ್ತಿದ್ದಂತೆ ನಲ್ಲಿಯ ಪಕ್ಕದ ಗೂಡು ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಲೋಟ ಇತ್ತು. ಏಳು ವರ್ಷದಿಂದ ಅಲ್ಲೇ ಇತ್ತು. ಅದನ್ನು ಅಲ್ಲಿಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಳಗೆ ತೆಗೆದುಕೊಂಡು ಹೋಗು ಎಂದೂ ಯಾರೂ ಹೇಳಿರಲಿಲ್ಲ.

ಅಮೀನಪ್ಪ ಹಳೇ ಹೊಸ್ತಿಲು ಕಿತ್ತ. ಗೆದ್ದಲು ತಿಂದ ಮರ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಕಸ ಗುಡಿಸಿ, ಟ್ಯೂಬು ಬಿಚ್ಚಿ, ಒಂದು ತುದಿಯನ್ನು ಅವ್ವನ ಕೈಗೆ ಕೊಟ್ಟ. ದುರ್ಗವ್ವ ವರಾಂಡದಲ್ಲಿ ನಿಂತಿದ್ದಳು. ನನ್ನಮ್ಮ ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಅಮ್ಮ ದಿನಾ ಸಂಜೆ ವಚನ ಓದುವವರು, ಓದಿ ಕಣ್ಣೀರು ಹಾಕುವವರು. ಅದೂ ಸುಳ್ಳಲ್ಲ.

“ಆಯಮ್ಮ ಅಲ್ಲೇ ವರಾಂಡದಲ್ಲೇ ಕೂತು ಹಿಡ್ಕೊಂಡ್ರೆ ಆಗಲ್ವೇನೋ ವೀರೇಶ?” ಎಂದರು.

ಮಳಿನಾಳದಲ್ಲಿ ಕ್ಷಣವೂ ಯೋಚಿಸದೆ ಬಂದ ಉತ್ತರ ಇಲ್ಲಿ ಬರಲಿಲ್ಲ. ಅಲ್ಲಿ ಅದು ಬೇರೆಯವರ ಮನೆಯಾಗಿತ್ತು. ಅಮೀನಪ್ಪ ಕತ್ತು ಬಗ್ಗಿಸಿ ಉಳಿಯ ಅಲಗು ನೋಡುತ್ತಿದ್ದ, ಅವತ್ತಿನ ಹಾಗೇ. ಅವನು ಯಾರ ಉತ್ತರಕ್ಕೆ ಕಾಯುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ನಾನು ಆಗುತ್ತೆ ಎಂದರೆ ಅವನು ಅವ್ವನನ್ನು ಮೆಟ್ಟಿಲ ಮೇಲೆ ಕೂರಿಸಿ, ಕೆಲಸ ಮುಗಿಸಿ, ಲೋಟ ತೊಳೆದಿಟ್ಟು ಹೋಗುತ್ತಿದ್ದ, ಮತ್ತೆ ಬರುತ್ತಿರಲಿಲ್ಲ.

“ಆಗಲ್ಲಮ್ಮ,” ಎಂದೆ. ದನಿ ನನಗೇ ಸಣ್ಣದಾಗಿ ಕೇಳಿಸಿತು. “ಒಳಗೇ ಕೂರ್ಬೇಕು. ಮಟ್ಟ ಸಿಗಲ್ಲ.”

ಅಮ್ಮ ನನ್ನನ್ನು ನೋಡಿದರು. ನಮ್ಮಪ್ಪ ಸರ್ಕಾರಿ ಓವರ್‌ಸಿಯರ್ ಆಗಿದ್ದವರು, ಈ ಮನೆಯನ್ನು ನಿಂತು ಕಟ್ಟಿಸಿದವರು ಎಂಬುದನ್ನು ಆ ಗಳಿಗೆಯಲ್ಲಿ ನಾನು ಮರೆತಿದ್ದೆ.

“ನಿಮ್ಮಪ್ಪ ಈ ಹೊಸ್ತಿಲು ಇಡಿಸಿದ ದಿನ ನಾನು ಇಲ್ಲೇ ನಿಂತಿದ್ದೆ ಕಣೋ. ಒಂದು ರಸಮಟ್ಟ ಇಟ್ಟು ನೋಡಿದ್ರು, ಮುಗೀತು. ಟ್ಯೂಬು ಗೀಬು ಏನೂ ಇರ್ಲಿಲ್ಲ.”

ಅಮೀನಪ್ಪನ ಕೈ ನಿಂತಿತು. ತೆರೆದ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ರಸಮಟ್ಟ ಇತ್ತು. ಅಮ್ಮ ಅದನ್ನು ನೋಡಿದರು. ಆಮೇಲೆ ಟ್ಯೂಬಿನ ತುದಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡಿದ್ದ ದುರ್ಗವ್ವನನ್ನು ಬಹಳ ಹೊತ್ತು ನೋಡಿದರು. ತಿರುಗಿ ಒಳಗೆ ಹೋದರು. ಸಿಟ್ಟು ಮಾಡಿಕೊಂಡರು ಎಂದುಕೊಂಡೆ. ಅಡುಗೆಮನೆಯಲ್ಲಿ ಏನನ್ನೋ ಎಳೆದ ಸದ್ದಾಯಿತು. ಬಂದಾಗ ಕೈಯಲ್ಲಿ ಮಣೆ ಇತ್ತು, ಅಪ್ಪ ಊಟಕ್ಕೆ ಕೂರುತ್ತಿದ್ದ ಮಣೆ. ನಡುಮನೆಯಲ್ಲಿ, ಗೋಡೆಗೆ ಒರಗುವುದಕ್ಕಾಗುವ ಹಾಗೆ ಇಟ್ಟರು.

“ನೆಲ ತಣ್ಣಗಿದೆ,” ಎಂದರು. “ಬನ್ನಿ, ಇದರ ಮೇಲೆ ಕೂತ್ಕೊಳ್ಳಿ.”

ದುರ್ಗವ್ವ ಬಾಗಿಲ ಹತ್ತಿರ ಬಂದಳು. ಬಲಗಾಲಿನ ಹೆಬ್ಬೆರಳು ಚಾಚಿ ನೆಲ ಸವರಿದಳು. ಅಲ್ಲಿ ಏನೂ ಇರಲಿಲ್ಲ. ಕಾಲನ್ನು ಹಾಗೇ ಹಿಡಿದು ನಿಂತಳು.

“ಹೊಸ್ತಿಲ ಎಲ್ಲೈತೋ ಅಮೀನಾ?”

“ಇನ್ನ ಇಟ್ಟಿಲ್ಲಬೇ. ಬಾ.”

ಅವಳು ಒಳಗೆ ಬಂದು ಮಣೆಯ ಮೇಲೆ ಕೂತಳು. ಗೋಡೆಗೆ ಒರಗಿ, ಟ್ಯೂಬನ್ನು ಅಲುಗಾಡದ ಹಾಗೆ ಹಿಡಿದಳು. ಅಮೀನಪ್ಪ ಹೊನ್ನೆಯ ಹೊಸ್ತಿಲನ್ನು ಅದರ ಜಾಗದಲ್ಲಿ ಕೂರಿಸಿ, ಎಲ್ಲರೂ ನೋಡುತ್ತಿದ್ದಂತೆಯೇ ಪೆಟ್ಟಿಗೆಯಿಂದ ರಸಮಟ್ಟ ತೆಗೆದು ಮೇಲಿಟ್ಟ. ಗುಳ್ಳೆ ನಡುವೆ ನಿಂತಿತು. ಅಮ್ಮ ಕಾಫಿಗೆ ಹಾಲು ಇಡಲು ಒಳಗೆ ಹೋದರು.

“ಎಷ್ಟೊತ್ತು ಹಿಡೀಲೋ ಇದನ್ನ?” ಎಂದು ಕೇಳಿದಳು ದುರ್ಗವ್ವ.

“ನಿನಗ ಸಾಕಾಗೂತನಕ ಹಿಡಿ ಬೇ,” ಎಂದ ಅಮೀನಪ್ಪ.